ಫೆಬ್ರುವರಿ 6ರಂದು ನೆನೆಯಬೇಕಾದ ಇನ್ನೊಬ್ಬ

ಮಾನ್ಯ ಸಂಪಾದಕರೇ,

ಫೆಬ್ರುವರಿ 6 ಹತ್ತಿರ ಬಂತೆಂದರೆ ಸಂಗೀತದ ಪುಟಗಳಿಗೆ ಜಮೈಕಾದ ರೆಗೇ ಹಾಡುಗಾರ ಬಾಬ್ ಮಾರ್ಲಿ ಬಂದೇ ಬರುತ್ತಾನೆ. 1945ರಲ್ಲಿ ಅವನು ಹುಟ್ಟಿದ ದಿನ ಅದು. ಬರಲಿ, ಬೇಡ ಅನ್ನುವವರು ಯಾರು? ಜಡೆಗಟ್ಟಿದ ಕೂದಲಿನ ಅದೇ ಫೋಟೊ, ಸುತ್ತ ಕೆಂಪು, ಹಳದಿ, ಹಸಿರಿನ ಅಂಚು, ಕೊನೆಗೆ 'ರೆಗೇ ಇಂದಿನ ಸಂಗೀತದ ಮೇಲೆ ಅಚ್ಚಳಿಯದ ಪ್ರಭಾವ ಬೀರಿದೆ' ಎಂಬೊಂದು ವಾಕ್ಯ. ವಾಕ್ಯ ಸುಳ್ಳಲ್ಲ. ಆದರೆ ಆ ಪ್ರಭಾವ ಎಲ್ಲಿದೆ, ಯಾವ ದಾರಿಯಲ್ಲಿ ಬಂತು ಎಂದು ಕೇಳಿದರೆ ಲೇಖನ ಬಾಯಿ ಬಿಡುವುದಿಲ್ಲ.

ಅದೇ ಫೆಬ್ರುವರಿ 6ರಂದು, 1989ರಲ್ಲಿ, ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಡುಹಾನಿ ಪಾರ್ಕ್ ಎಂಬಲ್ಲಿ ಒಬ್ಬ ಸೌಂಡ್ ಎಂಜಿನಿಯರ್ ಸ್ಟುಡಿಯೊ ಕೆಲಸ ಮುಗಿಸಿ ಮನೆಗೆ ಬಂದವನು ಬಾಗಿಲೆದುರೇ ಗುಂಡೇಟಿಗೆ ಬಲಿಯಾದ. ಹೆಸರು ಆಸ್‌ಬರ್ನ್ ರಡ್ಡಕ್; ಊರೆಲ್ಲ ಕರೆದದ್ದು ಕಿಂಗ್ ಟಬ್ಬಿ ಎಂದು. ಹಾಡಿನಿಂದಾಗಲಿ ವಾದ್ಯದಿಂದಾಗಲಿ ಹೆಸರು ಮಾಡಿದವನಲ್ಲ. ಮೂಲ ಕಸುಬು ರೇಡಿಯೊ, ಆಂಪ್ಲಿಫೈಯರ್ ರಿಪೇರಿ. ರೆಗೇಯಿಂದ ಇಂದಿನ ಸಂಗೀತಕ್ಕೆ ದಾಟಿ ಬಂದದ್ದರಲ್ಲಿ ದೊಡ್ಡ ಪಾಲು ಅವನ ನಾಲ್ಕು ಚಾನೆಲ್ ಮಿಕ್ಸಿಂಗ್ ಡೆಸ್ಕಿನ, ಅಂದರೆ ಮುದ್ರಿಸಿದ ಸದ್ದುಗಳನ್ನು ಹದವಾಗಿ ಬೆರೆಸುವ ಮೇಜಿನ, ಮೂಲಕ ಬಂತು ಎಂಬುದು ನಮ್ಮ ವಾದ. ಇದನ್ನು ಭಾವುಕತೆಯಿಂದ ಹೇಳುತ್ತಿಲ್ಲ. ಭಾಗ ಭಾಗವಾಗಿ ಬಿಚ್ಚಿ ತೋರಿಸಬಹುದಾದ ಸಂಗತಿ ಇದು.

ಮೊದಲಿಗೆ ಲಯದ ಮಾತು. ರೆಗೇ ಎಂದರೆ ಗಿಟಾರಿನ ಆ 'ಚಕ್' ಸದ್ದು ಎಂದುಕೊಂಡವರೇ ಹೆಚ್ಚು. ನಿಮಿಷಕ್ಕೆ 140–150ರ ಲೆಕ್ಕದಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿದರೆ ಗಿಟಾರ್ ಬೀಳುವುದು ಎರಡು ಮತ್ತು ನಾಲ್ಕರ ಮೇಲೆ. 'ಒನ್ ಡ್ರಾಪ್' ಎಂಬ ಬಡಿತದಲ್ಲಿ ಒಂದರ ಮೇಲೆ ಕಿಕ್ ಡ್ರಮ್ (ಕಾಲಿನಿಂದ ಬಡಿಯುವ ದೊಡ್ಡ ಡ್ರಮ್) ಸುಮ್ಮನಿರುತ್ತದೆ. ಬೇರೆ ಸಂಗೀತದಲ್ಲಿ ಎಲ್ಲರೂ ಒತ್ತಿ ಹೊಡೆಯುವ ಜಾಗ ಇಲ್ಲಿ ಖಾಲಿ. ಕಿಕ್ಕೂ ಸ್ನೇರ್ ಎಂಬ ಚಿಕ್ಕ ಡ್ರಮ್ಮಿನ ಅಂಚಿನ ಪೆಟ್ಟೂ ಒಟ್ಟಿಗೆ ಮೂರರ ಮೇಲೆ ಬೀಳುತ್ತವೆ. ಇದನ್ನೇ ಅರ್ಧ ಮಾಡಿ 70–75 ಎಂದೂ ಎಣಿಸುತ್ತಾರೆ. ಎರಡೂ ಸರಿ. ಈ ಇಬ್ಬಗೆಯ ಎಣಿಕೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಗಿಟಾರಿನ ಚಕ್ಕನ್ನು ಎರವಲು ಪಡೆದ ಪಾಪ್ ಹಾಡುಗಳು ಬೇಕಾದಷ್ಟಿವೆ. ಅದು ಬಟ್ಟೆಯ ಬಣ್ಣ ಇದ್ದ ಹಾಗೆ, ಕಣ್ಣಿಗೆ ಬೇಗ ಬೀಳುತ್ತದೆ. ನೇಯ್ಗೆ ಬದಲಾದದ್ದು ಬೇರೆ ಕಡೆ.

1960ರ ದಶಕದ ಕೊನೆಯಲ್ಲಿ ಸ್ಪ್ಯಾನಿಷ್ ಟೌನ್‌ನ ಸೌಂಡ್ ಸಿಸ್ಟಮ್ (ತಟ್ಟೆ ಹಾಕಿ ಜನರನ್ನು ಕುಣಿಸುವ ದೊಡ್ಡ ಸ್ಪೀಕರ್ ವ್ಯವಸ್ಥೆ) ಮಾಲೀಕ ರಡ್ಡಿ ರೆಡ್‌ವುಡ್ ನಿರ್ಮಾಪಕ ಡ್ಯೂಕ್ ರೀಡ್‌ನ ಟ್ರೆಷರ್ ಐಲ್ ಸ್ಟುಡಿಯೊಗೆ ಹೋಗಿ ಪ್ಯಾರಗಾನ್ಸ್ ತಂಡದ ಹಾಡೊಂದನ್ನು ಡಬ್‌ಪ್ಲೇಟಿಗೆ ಕೊರೆಸಿಕೊಂಡ. ಕೊರೆಯುತ್ತಿದ್ದ ಬೈರನ್ ಸ್ಮಿತ್ ಗಾಯನದ ಟ್ರ್ಯಾಕ್ ಸೇರಿಸುವುದನ್ನೇ ಬಿಟ್ಟುಬಿಟ್ಟ. ಆ ರಾತ್ರಿ ಹಾಡುಗಾರನಿಲ್ಲದ ತಟ್ಟೆ ತಿರುಗಿತು. ಪದಗಳನ್ನು ಜನವೇ ಹಾಡಿತು. ಹಾಡಿನಿಂದ ಏನನ್ನಾದರೂ ತೆಗೆದರೆ ಅದು ಸಣ್ಣದಾಗುವುದಿಲ್ಲ, ಆ ತೆರವಿನಲ್ಲಿ ಇನ್ನೊಬ್ಬರಿಗೆ ಜಾಗವಾಗುತ್ತದೆ ಎಂಬುದು ಅಲ್ಲಿ ಗೊತ್ತಾಯಿತು. ಅದೇ ಟ್ರೆಷರ್ ಐಲ್‌ನಲ್ಲಿ ತಟ್ಟೆ ಕೊರೆಯುವ ಕೆಲಸ ಮಾಡಿದವರಲ್ಲಿ ಟಬ್ಬಿಯೂ ಒಬ್ಬ.

ಡಬ್‌ಪ್ಲೇಟ್ ಎಂದರೆ ಅಲ್ಯೂಮಿನಿಯಂ ತಟ್ಟೆಗೆ ಮೆತ್ತನೆಯ ಲ್ಯಾಕರ್ ಬಳಿದು ಅದರ ಮೇಲೆ ನೇರವಾಗಿ ಗೀರು ಕೊರೆದ ಒಂಟಿ ಪ್ರತಿ. ಮುಳ್ಳು ಪ್ರತಿ ಸಲ ಹಾದಾಗಲೂ ಲ್ಯಾಕರ್ ಸವೆಯುತ್ತದೆ. ಮೊದಲು ಹೋಗುವುದು ಡ್ರಮ್ ಸೆಟ್ಟಿನ ಜೋಡಿ ತಾಳವಾದ ಹೈ-ಹ್ಯಾಟ್‌ನ ಹೊಳಪು, ಆಮೇಲೆ 'ಸ' ಅಕ್ಷರಗಳ ಅಂಚು ಹರಿದು ಕರಕರ ಎನ್ನುತ್ತದೆ. ಕೆಲವೇ ಡಜನ್ ಸಲ ಹಾಕಿದರೆ ತಟ್ಟೆಯ ಆಯುಷ್ಯ ಮುಗಿಯಿತು. ಹಾಗಾಗಿ ಸೌಂಡ್ ಸಿಸ್ಟಮ್ ಮಾಲೀಕರು ಮತ್ತೆ ಮತ್ತೆ ಬರಲೇಬೇಕು, ಬಂದಾಗಲೆಲ್ಲ 'ಈ ಸಲ ಬೇರೆ ಥರ ಕೊಡು' ಎನ್ನಲೇಬೇಕು. ಎದುರಾಳಿಯ ಬಳಿ ಇಲ್ಲದ ಮಿಕ್ಸ್ ತಮ್ಮ ಬಳಿ ಇರಬೇಕೆಂಬ ಹಟ ಬೇರೆ. ಇನ್ನೊಂದು ಕಡೆ ರೆಕಾರ್ಡ್ ಮಾಡಿಸುವ ನಿರ್ಮಾಪಕನಿಗೆ 45 ತಿರುವಿನ ತಟ್ಟೆಯ ಹಿಂಬದಿ ತುಂಬಿಸಲು ಎರಡನೇ ಹಾಡಿನ ಖರ್ಚು ಉಳಿಯಬೇಕಿತ್ತು. ಅದೇ ಟೇಪನ್ನು ಗಾಯನ ತೆಗೆದು 'ವರ್ಷನ್' ಎಂದು ಅಚ್ಚು ಹಾಕಿದರೆ ಆಯಿತು. ಕಲೆಯ ಹಿಂದೆ ಇಂಥ ಲೆಕ್ಕಾಚಾರ ಇದ್ದದ್ದರಲ್ಲಿ ಅವಮಾನವೇನಿಲ್ಲ.

1970ರ ದಶಕದ ಆರಂಭದಲ್ಲಿ ಬೈರನ್ ಲೀಯ ಡೈನಾಮಿಕ್ ಸೌಂಡ್ಸ್ ಸ್ಟುಡಿಯೊ ತನ್ನ ಹಳೆಯ ಎಂಸಿಐ ಕಂಪನಿಯ ನಾಲ್ಕು ಚಾನೆಲ್ ಡೆಸ್ಕನ್ನು ಮಾರಿದಾಗ ಅದು ಟಬ್ಬಿಯ ಪಾಲಾಯಿತು. ದೊಡ್ಡ ಸ್ಟುಡಿಯೊಗಳು ಹೆಚ್ಚು ಟ್ರ್ಯಾಕ್‌ಗಳ ಕಡೆಗೆ ಹೋಗುತ್ತಿದ್ದ ಕಾಲ. ಅವರಿಗೆ ಅದು ಹಳೆಯ ಸಾಮಾನು. ವಾಟರ್‌ಹೌಸ್ ಪ್ರದೇಶದ 18, ಡ್ರಾಮಿಲ್ಲಿ ಅವೆನ್ಯೂದ ಮನೆಯೊಳಗೆ ಡೆಸ್ಕ್ ಕೂತಿತು, ಬಚ್ಚಲುಮನೆ ಗಾಯನದ ಕೋಣೆಯಾಯಿತು. ಡ್ರಮ್ ಸೆಟ್ ಇಟ್ಟು ತಂಡವನ್ನೇ ನುಡಿಸುವಷ್ಟು ಜಾಗ ಅಲ್ಲಿರಲಿಲ್ಲ. ಬನ್ನಿ ಲೀಯಂಥ ನಿರ್ಮಾಪಕರು ಬೇರೆ ಸ್ಟುಡಿಯೊಗಳಲ್ಲಿ ಮುದ್ರಿಸಿದ ಟೇಪುಗಳನ್ನು ಹೊತ್ತು ತರುತ್ತಿದ್ದರು. ಟಬ್ಬಿಯ ಕೈಗೆ ಬರುತ್ತಿದ್ದದ್ದು ಮುಗಿದ ಸಂಗೀತ. ಸೇರಿಸಲು ದಾರಿ ಕಡಿಮೆ. ತೆಗೆಯಬೇಕು, ಇದ್ದುದನ್ನೇ ತಿರುಚಬೇಕು. ಮುಗಿದ ಹಾಡನ್ನು ಹೀಗೆ ಕಳಚಿ, ತಿರುಚಿ ಹೊಸದಾಗಿಸುವ 'ಡಬ್' ಶೈಲಿ ಹುಟ್ಟಿದ್ದು ಈ ಇಕ್ಕಟ್ಟಿನಿಂದ.

ನಾಲ್ಕು ಟ್ರ್ಯಾಕ್‌ಗಳ ಹಂಚಿಕೆ ಸಾಮಾನ್ಯವಾಗಿ ಹೀಗಿರುತ್ತಿತ್ತು: ಒಂದರಲ್ಲಿ ಡ್ರಮ್ಸ್, ಇನ್ನೊಂದರಲ್ಲಿ ಬೇಸ್, ಮೂರನೆಯದರಲ್ಲಿ ಗಿಟಾರ್, ಆರ್ಗನ್, ಪಿಯಾನೊ ಎಲ್ಲ ಒಟ್ಟಿಗೆ, ನಾಲ್ಕನೆಯದರಲ್ಲಿ ಗಾಯನ ಇಲ್ಲವೇ ಹಿತ್ತಾಳೆ ವಾದ್ಯ. ಮೂರನೆಯದನ್ನು ಮುಚ್ಚಿದರೆ ಸ್ವರವಾದ್ಯಗಳೆಲ್ಲ ಒಂದೇ ಏಟಿಗೆ ಮಾಯ. ಹಾಡಿನ ಮೈ ಕಳಚಿ ಬೆನ್ನುಮೂಳೆ ಮಾತ್ರ ಉಳಿದಂತೆ ಕೇಳಿಸುತ್ತದೆ. ಇಂದು 48 ಟ್ರ್ಯಾಕ್ ಇಟ್ಟುಕೊಂಡು ಒಂದೊಂದಾಗಿ ಮ್ಯೂಟ್ ಮಾಡುವವರಿಗೆ ಆ ಪರಿಣಾಮ ಸಿಗದಿರುವುದಕ್ಕೆ ಇದೂ ಒಂದು ಕಾರಣ. ಡಬ್ ಮಾಡಬೇಕಿದ್ದರೆ ಮೊದಲು ಎಲ್ಲವನ್ನೂ ನಾಲ್ಕೈದು ಗುಂಪುಗಳಿಗೆ ಕಟ್ಟಿಕೊಳ್ಳಿ. ಕೈ ಎರಡೇ ಇರುವುದು.

ಇನ್ನೊಂದು ಸೂಕ್ಷ್ಮ ಇದೆ. ತಂಡ ಒಂದೇ ಕೋಣೆಯಲ್ಲಿ ನುಡಿಸುತ್ತ ಹಾಡುಗಾರನೂ ಜೊತೆಯಲ್ಲಿ ದಾರಿ ತೋರಿಸುತ್ತ ಹಾಡಿದ್ದರೆ ಡ್ರಮ್ಮಿನ ಮೈಕಿಗೆ ಅವನ ದನಿ ಸೋರಿರುತ್ತದೆ. ಗಾಯನದ ಟ್ರ್ಯಾಕ್ ಮುಚ್ಚಿದರೂ ಆ ಸೋರಿದ ದನಿ ಡ್ರಮ್ಮಿನ ಹಿಂದೆ, ಗೋಡೆಯಾಚೆಯಿಂದ ಬಂದಂತೆ ತೆಳ್ಳಗೆ ಕೇಳುತ್ತಿರುತ್ತದೆ. ಬೇರೆಡೆ ಇದನ್ನು ದೋಷವೆಂದು ಒರೆಸಿಹಾಕುತ್ತಾರೆ. ಡಬ್‌ನಲ್ಲಿ ಅದು ದೆವ್ವದ ಪಾತ್ರ.

ಈಗ ಡೆಸ್ಕಿನ ಮೇಲಿನ ಮೂರು ಸಂಗತಿಗಳಿಗೆ ಬರೋಣ.

ಒಂದು, ಆ ದೊಡ್ಡ ನಾಬ್. ಎಂಸಿಐ ಡೆಸ್ಕಿನೊಂದಿಗೇ ಬಂದದ್ದು ಆಲ್ಟೆಕ್ ಕಂಪನಿಯ ಹೈಪಾಸ್ ಫಿಲ್ಟರ್. ಹೈಪಾಸ್ ಎಂದರೆ ಗೊತ್ತುಮಾಡಿದ ಕಂಪನಾಂಕಕ್ಕಿಂತ ಕೆಳಗಿನದನ್ನು ಕತ್ತರಿಸಿ ಮೇಲಿನದನ್ನು ಮಾತ್ರ ಬಿಡುವ ಜರಡಿ. ಇದರ ಕತ್ತರಿ 70 ಹರ್ಟ್ಸ್‌ನಿಂದ ಹಿಡಿದು 7500 ಹರ್ಟ್ಸ್‌ವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. 70ರಲ್ಲಿ ಹೆಚ್ಚುಕಡಿಮೆ ಎಲ್ಲವೂ ಇರುತ್ತದೆ. 500 ದಾಟಿದಾಗ ಗಿಟಾರಿಗೆ ಮೈ ಹೋಗಿ ತಗಡಿನ ಸದ್ದು ಉಳಿಯುತ್ತದೆ. 7500ರಲ್ಲಿ ಹೈ-ಹ್ಯಾಟ್‌ನ ಉಸಿರು ಬಿಟ್ಟು ಬೇರೇನೂ ಇಲ್ಲ. ಮುಖ್ಯ ಮಾತು, ಇದು ನಯವಾಗಿ ಜಾರುವುದಿಲ್ಲ. ಮೆಟ್ಟಿಲಿನಿಂದ ಮೆಟ್ಟಿಲಿಗೆ ಜಿಗಿಯುತ್ತದೆ. ಹೈ-ಹ್ಯಾಟ್ ಮೇಲೆ ಹಾಕಿ ನಾಬನ್ನು ಬಡಿತಕ್ಕೆ ಸರಿಯಾಗಿ ತಿರುಗಿಸಿದರೆ ಪ್ರತಿ ಪೆಟ್ಟೂ ಬೇರೊಂದು ಸ್ವರದಲ್ಲಿದ್ದಂತೆ ಕೇಳಿಸುತ್ತದೆ. ಇವತ್ತಿನ ಸಾಫ್ಟ್‌ವೇರ್ ಫಿಲ್ಟರಿನಲ್ಲಿ ಮೌಸ್ ಎಳೆದರೆ ಬರುವ 'ಊಊಯ್' ಎಂಬ ಜಾರು ಟಬ್ಬಿಯದಲ್ಲ. ಅವನ ಸದ್ದು ಬೇಕಿದ್ದರೆ ಆಟೊಮೇಷನ್ ಗೆರೆಯನ್ನು (ನಾಬ್ ತಾನೇ ತಿರುಗಲೆಂದು ಕಂಪ್ಯೂಟರಿನಲ್ಲಿ ಬರೆದಿಡುವ ಗೆರೆ) ಓರೆಯಾಗಿ ಎಳೆಯಬೇಡಿ. 70, 100, 150, 250, 500, 1000 ಹೀಗೆ ಮೆಟ್ಟಿಲು ಕಟ್ಟಿ, ಪ್ರತಿ ಮೆಟ್ಟಿಲೂ ಒಂದು ಬಡಿತದ ಮೇಲೆ ಬೀಳಲಿ.

ಎರಡು, ಟೇಪ್ ಎಕೋ. ಟೇಪ್ ರೆಕಾರ್ಡರಿನಲ್ಲಿ ಬರೆಯುವ ಹೆಡ್ ಮತ್ತು ಓದುವ ಹೆಡ್ ನಡುವೆ ಸ್ವಲ್ಪ ದೂರ ಇರುತ್ತದೆ. ಬರೆದ ಸದ್ದು ಅಷ್ಟು ದೂರ ಸಾಗಿ ಓದುವ ಹೆಡ್ಡಿಗೆ ತಲುಪುವ ಹೊತ್ತೇ ಎಕೋದ ಅಂತರ. ಲೆಕ್ಕ ಸುಲಭ: ದೂರವನ್ನು ವೇಗದಿಂದ ಭಾಗಿಸಿ. ಹೆಡ್‌ಗಳ ನಡುವೆ 5 ಸೆಂಟಿಮೀಟರ್, ಟೇಪ್ ಓಟ ಸೆಕೆಂಡಿಗೆ 19 ಸೆಂಟಿಮೀಟರ್ ಎಂದಿಟ್ಟುಕೊಂಡರೆ 263 ಮಿಲಿಸೆಕೆಂಡ್. ವೇಗ ಅರ್ಧಕ್ಕಿಳಿಸಿದರೆ 526. ಈಗ ನಿಮಿಷಕ್ಕೆ 76 ಬಡಿತದ ಒಂದು ರೆಗೇ ತೆಗೆದುಕೊಳ್ಳಿ. ಒಂದು ಬಡಿತಕ್ಕೆ 789 ಮಿಲಿಸೆಕೆಂಡ್, ಅದರ ಮೂರನೇ ಒಂದು ಪಾಲು ಸರಿಯಾಗಿ 263. ಅಂದರೆ ನಾಲ್ಕರ ನಡೆಯಲ್ಲಿ ಸಾಗುವ ಹಾಡಿನ ಮೇಲೆ ಎಕೋ ಮೂರರ ನಡೆಯಲ್ಲಿ ಉರುಳುತ್ತದೆ. ಡಬ್ ಕೇಳಿದಾಗ ಬರುವ ಆ ತೂಗಾಟಕ್ಕೆ ಇಂಥ ಲೆಕ್ಕ ಕಾರಣ. ಟೇಪಿನ ವೇಗ ಕೂದಲೆಳೆಯಷ್ಟು ತಗ್ಗಿದರೂ ಎಕೋ ಬಡಿತಕ್ಕಿಂತ ಚೂರು ಹಿಂದೆ ಬೀಳುತ್ತದೆ. ಬೀಳಲಿ, ಅದು ಹಾಡಿನ ಕೈ ಹಿಡಿದು ಎಳೆದಂತೆ ಇರುತ್ತದೆ.

ಎಕೋ ಮರಳಿ ಬಂದ ಸದ್ದನ್ನು ಸ್ವಲ್ಪ ಮತ್ತೆ ಬರೆಯುವ ಹೆಡ್ಡಿಗೇ ಕಳಿಸಿದರೆ ಅದು ಪುನರಾವರ್ತನೆಯಾಗುತ್ತದೆ. ಟೇಪ್ ಪ್ರತಿ ಸುತ್ತಿನಲ್ಲೂ ಮೇಲಿನ ಹೊಳಪನ್ನು ಒಂದಿಷ್ಟು ತಿಂದುಹಾಕುತ್ತದೆ. ಐದನೇ ಸುತ್ತಿಗೆ ದನಿ ಮಬ್ಬಾಗಿ, ದೂರ ಸರಿದು, ಮುಂದಿನ ಸಾಲಿಗೆ ಅಡ್ಡ ಬರದೆ ಕರಗುತ್ತದೆ. ಕಂಪ್ಯೂಟರಿನ ಶುದ್ಧ ಎಕೋ, ಅಂದರೆ ಡಿಲೇ, ಹಾಗಲ್ಲ. ಐದನೇ ಮರುದನಿಯೂ ಮೊದಲನೆಯದರಷ್ಟೇ ಹರಿತ. ಹೊಸದಾಗಿ ಕಲಿಯುವವರ ಮಿಕ್ಸು ಮೀನುಮಾರುಕಟ್ಟೆಯಾಗುವುದು ಇಲ್ಲಿಯೇ. ಪರಿಹಾರ ಸರಳ: ಮರಳಿ ಹೋಗುವ ದಾರಿಯಲ್ಲೇ 3000 ಹರ್ಟ್ಸ್ ಮೇಲಿನದನ್ನೂ 200 ಹರ್ಟ್ಸ್ ಕೆಳಗಿನದನ್ನೂ ಕತ್ತರಿಸಿ. ಎಕೋದ ಹೊರಗೆ, ಕೊನೆಯಲ್ಲಿ ಒಂದೇ ಸಲ ಕತ್ತರಿಸಿದರೆ ಸಾಲದು. ಪ್ರತಿ ಸುತ್ತಿಗೂ ಕತ್ತರಿ ಬೀಳಬೇಕು.

ಮೂರು, ಸ್ಪ್ರಿಂಗ್ ರಿವರ್ಬ್. ಸದ್ದಿಗೆ ದೊಡ್ಡ ಕೋಣೆಯ ಗುಂಗು ಕೊಡಲು ಒಂದು ತಗಡಿನ ಪೆಟ್ಟಿಗೆಯೊಳಗೆ ತೂಗುಬಿಟ್ಟ ಸ್ಪ್ರಿಂಗ್‌ಗಳು. ಒಂದು ತುದಿಯಲ್ಲಿ ಸದ್ದಿನಿಂದ ನಡುಗಿಸಿ ಇನ್ನೊಂದು ತುದಿಯಲ್ಲಿ ಮರಳಿ ಪಡೆಯುವುದು. ಟಬ್ಬಿಯ ಬಳಿ ಇದ್ದದ್ದು ಮನೆಯ ಹೈಫೈಗೆಂದು ಮಾಡಿದ ಫಿಷರ್ ಕಂಪನಿಯ ಘಟಕ. ಚಾಲೂ ಇರುವಾಗಲೇ ಪೆಟ್ಟಿಗೆಗೆ ಒಂದು ಏಟು ಕೊಟ್ಟರೆ ಸ್ಪ್ರಿಂಗ್‌ಗಳು ಒಂದಕ್ಕೊಂದು ಬಡಿದು ಗುಡುಗು ಹೊರಡುತ್ತದೆ. ಆ ಗುಡುಗನ್ನು ಅವನು ವಾದ್ಯದಂತೆ ಬಳಸಿದ. ಕಿಕ್ ಡ್ರಮ್ಮನ್ನಾಗಲಿ ಬೇಸನ್ನಾಗಲಿ ಸ್ಪ್ರಿಂಗಿಗೆ ಕಳಿಸಬಾರದು. ತಗ್ಗು ಕಂಪನ ಅದನ್ನು ಬೇಕಾಬಿಟ್ಟಿ ಕುಲುಕಿಸಿ ಇಡೀ ಮಿಕ್ಸಿಗೆ ಕೆಸರು ಬಳಿಯುತ್ತದೆ. ಸ್ನೇರ್ ಅಂಚಿನ ಪೆಟ್ಟು, ಗಿಟಾರಿನ ಚಕ್, ಒಂದು ಪದ, ಇಷ್ಟೇ ಸಾಕು.

ಈ ಮೂರನ್ನೂ ಕೂಡಿಸುವ ಕೈಚಳಕವೇ ನಿಜವಾದ ವಿದ್ಯೆ. ಗಾಯನದ ಫೇಡರ್, ಅಂದರೆ ಸದ್ದನ್ನು ಏರಿಸಿ ಇಳಿಸುವ ಜಾರುಗುಂಡಿ, ಕೆಳಗಿದೆ. ಒಂದು ಪದ ಬರುವ ಹೊತ್ತಿಗೆ ಮೇಲಕ್ಕೆತ್ತಿ, ಪದ ಮುಗಿಯುವ ಮುನ್ನವೇ ಇಳಿಸಿ. ಅರ್ಧ ಪದ ಎಕೋದೊಳಗೆ ಬಿದ್ದು ಉರುಳುತ್ತ ಹೋಗುತ್ತದೆ. ಕೇಳುವವನು ಉಳಿದರ್ಧವನ್ನು ತಾನೇ ಪೂರ್ತಿ ಮಾಡಿಕೊಳ್ಳುತ್ತಾನೆ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಡಿಲೇಯನ್ನು ನೇರವಾಗಿ ಗಾಯನದ ಚಾನೆಲ್ ಮೇಲೆಯೇ ಹಾಕುವುದು. ಹಾಗೆ ಮಾಡಿದರೆ ಫೇಡರ್ ಇಳಿಸಿದ ಕ್ಷಣ ಬಾಲವೂ ಸಾಯುತ್ತದೆ. ಡಿಲೇ ಬೇರೆಯೇ ಚಾನೆಲ್ ಮೇಲಿರಬೇಕು, ಗಾಯನದಿಂದ ಅಲ್ಲಿಗೆ ಸೆಂಡ್, ಅಂದರೆ ಸದ್ದಿನ ಒಂದು ಕವಲು, ಹೋಗಬೇಕು, ಆ ಸೆಂಡ್ ಫೇಡರಿನ ನಂತರದ್ದಾಗಿರಬೇಕು. ಆಗ ಫೇಡರ್ ಮುಚ್ಚಿದರೆ ಹೊಸ ಸದ್ದು ಒಳಹೋಗುವುದು ನಿಲ್ಲುತ್ತದೆ, ಒಳಗಾಗಲೇ ಇದ್ದದ್ದು ಸುತ್ತುತ್ತಲೇ ಇರುತ್ತದೆ. ಡಿಲೇ ಮರಳುವ ಚಾನೆಲ್ಲಿನ ಸೆಂಡನ್ನು ಅದೇ ಡಿಲೇಗೆ ಮತ್ತೆ ತೆರೆದರೆ ಸುತ್ತು ಬೆಳೆಯುತ್ತ ಬೆಳೆಯುತ್ತ ಊಳಿಡಲು ಶುರುಮಾಡುತ್ತದೆ. ಊಳು ತುತ್ತತುದಿಗೆ ಹೋಗುವ ಮುನ್ನ ಹಿಂದೆಗೆಯಬೇಕು. ತಡವಾದರೆ ಮೊದಲು ಸುಡುವುದು ಟ್ವೀಟರ್, ಅಂದರೆ ಕೀರಲು ಸದ್ದು ಹೊರಡಿಸುವ ಸ್ಪೀಕರ್. ಆದ್ದರಿಂದ ಕೊನೆಯ ಹಂತದಲ್ಲಿ ಸದ್ದು ಮಿತಿ ಮೀರದಂತೆ ತಡೆಯುವ ಲಿಮಿಟರ್ ಇಲ್ಲದೆ ಈ ಆಟಕ್ಕಿಳಿಯಬೇಡಿ.

ಟಬ್ಬಿಗೆ ಆಟೊಮೇಷನ್ ಇರಲಿಲ್ಲ. ಟೇಪ್ ಓಡಿದಷ್ಟು ಹೊತ್ತು, ಮೂರೂವರೆ ನಿಮಿಷವೋ ನಾಲ್ಕೋ, ಕೈ ಮಾಡಿದ್ದೇ ಮಿಕ್ಸ್. ಹಿಡಿಸದಿದ್ದರೆ ಟೇಪ್ ಹಿಂದಕ್ಕೆ ಸುತ್ತಿ ಮತ್ತೆ ಮೊದಲಿನಿಂದ. ಎರಡು ಸಲ ಮಾಡಿದರೆ ಎರಡು ಬೇರೆ ಬೇರೆ ಸಂಗೀತ. ಹೀಗೆ ಮಿಕ್ಸಿಂಗ್ ಎಂಬುದು ರೆಕಾರ್ಡಿಂಗ್ ಮುಗಿದ ಮೇಲಿನ ಗುಮಾಸ್ತಗಿರಿಯಾಗಿ ಉಳಿಯದೆ ಸಂಗೀತ ಕಛೇರಿಯೇ ಆಯಿತು.

ಕೇಳಿ ನೋಡಬೇಕೆನ್ನುವವರಿಗೆ ಒಂದು ಜೋಡಿ ಸಾಕು. ಆಗಸ್ಟಸ್ ಪ್ಯಾಬ್ಲೊ ನಿರ್ಮಿಸಿದ, ಜೇಕಬ್ ಮಿಲ್ಲರ್ ಹಾಡಿದ 'ಬೇಬಿ ಐ ಲವ್ ಯೂ ಸೋ' ಮತ್ತು ಅದರ ಡಬ್ 'ಕಿಂಗ್ ಟಬ್ಬಿ ಮೀಟ್ಸ್ ರಾಕರ್ಸ್ ಅಪ್‌ಟೌನ್'. ಡ್ರಮ್ಸ್ ಕಾರ್ಲ್ಟನ್ ಬ್ಯಾರೆಟ್‌ನದು, ಅಂದರೆ ಮಾರ್ಲಿಯ ತಂಡದ್ದೇ ಕೈ. ಮೊದಲು ಹಾಡು ಪೂರ್ತಿ ಕೇಳಿ, ತಕ್ಷಣ ಡಬ್ ಹಾಕಿ. ಮಿಲ್ಲರನ ಸಾಲುಗಳು ಚೂರುಚೂರಾಗಿ ಮಾತ್ರ ಬರುತ್ತವೆ, ಬಾಗಿಲು ತೆಗೆದು ಹಾಕಿದಂತೆ. ಊದಿ ನುಡಿಸುವ ಪುಟ್ಟ ಕೀಬೋರ್ಡಾದ ಮೆಲೋಡಿಕಾ ಎಲ್ಲಿಂದಲೋ ತೇಲಿ ಬಂದು ಹೋಗುತ್ತದೆ. ಬೇಸ್ ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ. 1975ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದಾಗ ಹಾಡಿಗಿಂತ ಹಿಂಬದಿಯ ಡಬ್ಬೇ ಹೆಚ್ಚು ಮಾತಿಗೆ ಕಾರಣವಾಯಿತು. ಒಂದು ಎಚ್ಚರಿಕೆ: ಫೋನಿನ ಸ್ಪೀಕರಿನಲ್ಲಿ ಕೇಳಿ ತೀರ್ಪು ಕೊಡಬೇಡಿ. ಬೇಸ್ ಗಿಟಾರಿನ ಅತಿ ತಗ್ಗಿನ ತಂತಿ ಮಿಡಿಯುವುದು 41 ಹರ್ಟ್ಸ್‌ನಲ್ಲಿ. ಗಾಳಿಯಲ್ಲಿ ಆ ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಅಂಗೈಯಗಲದ ಯಂತ್ರದಿಂದ ಅದು ಹೊರಡುವ ಮಾತೇ ಇಲ್ಲ. ಬೇಸ್ ಇಲ್ಲದ ಡಬ್ಬಿನಲ್ಲಿ ಉಳಿಯುವುದು ಬರೀ ಗದ್ದಲ.

ಇನ್ನು ಪ್ರಭಾವದ ಮಾತು. ಟಬ್ಬಿಯ ಸೌಂಡ್ ಸಿಸ್ಟಮ್ 'ಹೋಂಟೌನ್ ಹೈಫೈ'ನಲ್ಲಿ ಮೈಕ್ ಹಿಡಿಯುತ್ತಿದ್ದವನು ಯು-ರಾಯ್. ಗಾಯನ ತೆಗೆದ ತೆರವಿನಲ್ಲಿ ಅವನು ಪ್ರಾಸ ಕಟ್ಟಿ ಮಾತಾಡಿದ. ಇದಕ್ಕೆ ಟೋಸ್ಟಿಂಗ್ ಎನ್ನುತ್ತಾರೆ. 1970ರಲ್ಲಿ ಅವನ ತಟ್ಟೆಗಳು ಜಮೈಕಾದ ಪಟ್ಟಿಗಳ ತುದಿಗೇರಿದವು. ಕಿಂಗ್‌ಸ್ಟನ್‌ನಲ್ಲಿ ಹುಟ್ಟಿ 1967ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ಗೆ ಬಂದ ಕ್ಲೈವ್ ಕ್ಯಾಂಪ್‌ಬೆಲ್, ಅಂದರೆ ಡಿಜೆ ಕೂಲ್ ಹರ್ಕ್, 1973ರ ಆಗಸ್ಟ್ 11ರಂದು 1520, ಸೆಜ್‌ವಿಕ್ ಅವೆನ್ಯೂದಲ್ಲಿ ನಡೆಸಿದ ಪಾರ್ಟಿಯನ್ನು ಹಿಪ್‌ಹಾಪ್‌ನ ಹುಟ್ಟು ಎನ್ನುತ್ತಾರೆ. ಇಲ್ಲಿಂದ ಅಲ್ಲಿಗೆ ನೇರ ಗೆರೆ ಎಳೆಯಲು ಎಲ್ಲರಿಗೂ ಅವಸರ. ರ‍್ಯಾಪ್ ಜಮೈಕಾದ ಟೋಸ್ಟಿಂಗ್‌ನಿಂದ ಬಂತೆಂಬ ಮಾತನ್ನು ಹರ್ಕ್ ಒಮ್ಮೆ ತಾನೇ ಅಲ್ಲಗಳೆದದ್ದುಂಟು, ಅಮೆರಿಕದ ಕಪ್ಪು ಜನರಿಗೆ ಅವರದೇ ಪ್ರಾಸದ ಪರಂಪರೆಯೂ ಇತ್ತು. ಆದರೆ ದೈತ್ಯ ಸ್ಪೀಕರ್, ಎಕೋ ಹಾಕಿದ ಮೈಕ್, ತಟ್ಟೆಯ ವಾದ್ಯಭಾಗದ ಮೇಲೆ ಮಾತು, ಈ ವ್ಯವಸ್ಥೆ ಎಲ್ಲಿಯದೆಂದು ಕೇಳಿದರೆ ಉತ್ತರ ಕಿಂಗ್‌ಸ್ಟನ್‌ನತ್ತಲೇ ಬೆರಳು ತೋರಿಸುತ್ತದೆ.

ಬ್ರಿಟನ್ನಿನ ಮಟ್ಟಿಗೆ ಅನುಮಾನಕ್ಕೆ ಎಡೆಯೇ ಇಲ್ಲ. ಜಮೈಕಾದಿಂದ ವಲಸೆ ಬಂದವರು ಸೌಂಡ್ ಸಿಸ್ಟಮ್ಮನ್ನೂ ತಂದರು. 1980ರಲ್ಲಿ ಪಂಕ್ ತಂಡವಾದ ದಿ ಕ್ಲ್ಯಾಶ್ ಜಮೈಕಾದ ನಿರ್ಮಾಪಕ ಮೈಕಿ ಡ್ರೆಡ್‌ನನ್ನು ಕರೆಸಿಕೊಂಡು ತಮ್ಮ ಹಾಡುಗಳಿಗೆ ಡಬ್ ಮಾಡಿಸಿತು. ಬ್ರಿಸ್ಟಲ್‌ನ ಮ್ಯಾಸಿವ್ ಅಟ್ಯಾಕ್ 1994ರಲ್ಲಿ ತಂದ 'ಪ್ರೊಟೆಕ್ಷನ್' ಆಲ್ಬಮ್ಮನ್ನು ಮರುವರ್ಷ ಎಂಜಿನಿಯರ್ ಮ್ಯಾಡ್ ಪ್ರೊಫೆಸರ್ ಡಬ್ ಮಾಡಿ 'ನೋ ಪ್ರೊಟೆಕ್ಷನ್' ಎಂದು ಹೊರತಂದ. 1990ರ ದಶಕದ ಜಂಗಲ್ ಸಂಗೀತದಲ್ಲಿ ಡ್ರಮ್ಸ್ ನಿಮಿಷಕ್ಕೆ 160–170ರಲ್ಲಿ ಓಡುತ್ತದೆ, ಬೇಸ್ ಅದರ ಅರ್ಧಕ್ಕೆ, 80–85ಕ್ಕೆ, ರೆಗೇ ನಡಿಗೆಯಲ್ಲೇ ಹೋಗುತ್ತದೆ. 2000ದ ಆಸುಪಾಸಿನಲ್ಲಿ ದಕ್ಷಿಣ ಲಂಡನ್ನಿನ ಕ್ರಾಯ್ಡನ್ ಸುತ್ತ ಬೆಳೆದ ಡಬ್‌ಸ್ಟೆಪ್‌ನ ಹೆಸರಿನಲ್ಲೇ ಡಬ್ ಇದೆ. ಎಣಿಕೆ 140, ಆದರೆ ಸ್ನೇರ್ ಬೀಳುವುದು ಮೂರರ ಮೇಲೆ ಮಾತ್ರ. ಕಾಲು ಕುಣಿಯುವುದು 70ಕ್ಕೆ. ಮೇಲೆ ಹೇಳಿದ ಒನ್ ಡ್ರಾಪ್‌ನ ಇಬ್ಬಗೆಯ ಎಣಿಕೆಯನ್ನು ಇದರ ಪಕ್ಕ ಇಟ್ಟು ನೋಡಿ. ಬರ್ಲಿನ್ನಿನ ಬೇಸಿಕ್ ಚಾನೆಲ್ ಜೋಡಿ ಟೆಕ್ನೊದಿಂದ ಎಲ್ಲವನ್ನೂ ಕಳಚಿ ಒಂದು ಸ್ವರಗುಚ್ಛ, ಅದರ ಮರುದನಿ, ಕೆಳಗೊಂದು ಕಿಕ್ ಇಷ್ಟನ್ನೇ ಉಳಿಸಿಕೊಂಡದ್ದೂ ಅದೇ ಪಾಠದಿಂದ.

ಡ್ಯಾನ್ಸ್ ಮಹಡಿಗಳಲ್ಲಿ ಇಂದು 'ಡ್ರಾಪ್' ಎಂದು ಕಿರುಚುತ್ತಾರಲ್ಲ, ಅದನ್ನೇ ಗಮನಿಸಿ. ಡಿಜೆ ಫಿಲ್ಟರ್ ನಾಬ್ ತಿರುಗಿಸಿ ಬೇಸನ್ನು ಕಿತ್ತುಕೊಳ್ಳುತ್ತಾನೆ, ಜನ ಕೈ ಮೇಲೆತ್ತಿ ಕಾಯುತ್ತಾರೆ, ಬೇಸ್ ವಾಪಸ್ ಬೀಳುತ್ತದೆ. ಕಸಿದು, ಕಾಯಿಸಿ, ಕೊಡುವ ಈ ಆಟವನ್ನು ಟಬ್ಬಿ 1970ರ ದಶಕದಲ್ಲೇ ಆಲ್ಟೆಕ್ ಫಿಲ್ಟರಿನಿಂದ ಆಡುತ್ತಿದ್ದ.

ಎಲ್ಲವನ್ನೂ ಒಬ್ಬನ ತಲೆಗೆ ಕಟ್ಟುವುದು ಬೇಡ. ಲೀ 'ಸ್ಕ್ರ್ಯಾಚ್' ಪೆರ‍್ರಿ, ರ‍್ಯಾಂಡೀಸ್ ಸ್ಟುಡಿಯೊದ ಎರಲ್ ಥಾಂಪ್ಸನ್ ಅದೇ ಕಾಲದಲ್ಲಿ ಅದೇ ದಿಕ್ಕಿನಲ್ಲಿದ್ದರು. 1973ರ ಹೊತ್ತಿಗೆ ಹಲವು ಡಬ್ ಆಲ್ಬಮ್‌ಗಳು ಬಂದವು, ಯಾವುದು ಮೊದಲನೆಯದು ಎಂಬ ಜಗಳ ಇನ್ನೂ ಹರಿದಿಲ್ಲ. ನ್ಯೂಯಾರ್ಕಿನಲ್ಲಿ ಟಾಮ್ ಮೋಲ್ಟನ್ ಡಿಸ್ಕೊ ಹಾಡುಗಳನ್ನು ಉದ್ದವಾಗಿಸಿ ರೀಮಿಕ್ಸಿಗೆ ತನ್ನದೇ ದಾರಿ ಹಾಕಿದ. ಸ್ಪ್ಯಾನಿಷ್ ಭಾಷೆಯ ಪಾಪ್ ಆದ ರೆಗೇಟನ್‌ನ ಬಡಿತದ ಬೇರು 1990ರ 'ಡೆಮ್ ಬೋ' ಹಾಡಿನಲ್ಲಿದೆ, ಅದು ಜಮೈಕಾದಲ್ಲಿ ರೆಗೇ ಮುಂದೆ ತಳೆದ ರೂಪವಾದ ಡ್ಯಾನ್ಸ್‌ಹಾಲ್ ಕಾಲದ್ದು. ಡಿಜಿಟಲ್ ತಿರುವು ತಂದದ್ದು ಟಬ್ಬಿಯ ಬಳಿ ಪಳಗಿದ ಲಾಯ್ಡ್ ಜೇಮ್ಸ್, ಅಂದರೆ ಜಾಮಿ. ಕ್ಯಾಸಿಯೊ ಎಂಟಿ-40 ಎಂಬ ಪುಟ್ಟ ಕೀಬೋರ್ಡಿನಲ್ಲಿ ಮೊದಲೇ ತುಂಬಿಟ್ಟಿದ್ದ 'ರಾಕ್' ಲಯದ ವೇಗ ತಗ್ಗಿಸಿ, ಅದರ ಮೇಲೆ ವೇಯ್ನ್ ಸ್ಮಿತ್‌ನನ್ನು ಹಾಡಿಸಿ 1985ರಲ್ಲಿ 'ಅಂಡರ್ ಮಿ ಸ್ಲೆಂಗ್ ಟೆಂಗ್' ತಂದ. ಆ ಲಯವನ್ನು ಕೀಬೋರ್ಡಿಗೆ ರೂಪಿಸಿದವಳು ಜಪಾನಿನ ಹಿರೊಕೊ ಒಕುಡಾ. ಅದೇ ಲಯದ ಮೇಲೆ ನೂರಾರು ಹಾಡುಗಳು ಬಂದವು. ಒಂದೇ ವಾದ್ಯಪಟ್ಟಿಯ ಮೇಲೆ ಹತ್ತು ಜನ ಹಾಡುವ 'ರಿದ್ದಿಂ' ಪದ್ಧತಿ ಜಮೈಕಾದಲ್ಲಿ ಮಾಮೂಲು. ಇಂದು ಇಂಟರ್‌ನೆಟ್ಟಿನಲ್ಲಿ ಒಂದೇ 'ಬೀಟ್' ಕೊಂಡು ಊರಿಗೊಬ್ಬರು ಹಾಡುವಾಗ ಯಾರಿಗೂ ಅದು ವಿಚಿತ್ರ ಅನ್ನಿಸದು.

ಹಣದ ಮಾತನ್ನೂ ಹೇಳದಿದ್ದರೆ ಚಿತ್ರ ಅರ್ಧವಾಗುತ್ತದೆ. ಜಮೈಕಾಕ್ಕೆ ತನ್ನದೇ ಆಧುನಿಕ ಹಕ್ಕುಸ್ವಾಮ್ಯ ಕಾಯ್ದೆ ಬಂದದ್ದು 1993ರಲ್ಲಿ, ಟಬ್ಬಿ ಸತ್ತು ನಾಲ್ಕು ವರ್ಷದ ಮೇಲೆ. ಎಷ್ಟೋ ತಟ್ಟೆಗಳ ಹಿಂಬದಿಯಲ್ಲಿ 'ವರ್ಷನ್' ಎಂದಷ್ಟೇ ಅಚ್ಚಾಗಿರುತ್ತಿತ್ತು. ಹಾಡು ಬರೆದವನಿಗೆ, ಹಾಡಿದವನಿಗೆ ಪಾಲು ಕೇಳಲು ದಾರಿಯಾದರೂ ಇದೆ. ಇರುವುದನ್ನು ತೆಗೆದು ಹೊಸದು ಮಾಡಿದವನಿಗೆ ಯಾವ ಪಾಲು ಎಂಬ ಪ್ರಶ್ನೆಗೆ ಕಾನೂನಿನ ಬಳಿ ಇಂದಿಗೂ ನೆಟ್ಟಗಿನ ಉತ್ತರವಿಲ್ಲ.

2018ರಲ್ಲಿ ಯುನೆಸ್ಕೊ ರೆಗೇಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಮೂರ್ತವಲ್ಲದ ಒಂದು ತುಂಡೂ ಉಳಿದಿದೆ: ಡ್ರಾಮಿಲ್ಲಿ ಅವೆನ್ಯೂದ ಆ ಎಂಸಿಐ ಡೆಸ್ಕ್ ಅಮೆರಿಕದ ಸಿಯಾಟಲ್ ನಗರದ ಪಾಪ್ ಸಂಸ್ಕೃತಿ ವಸ್ತುಸಂಗ್ರಹಾಲಯದ ವಶದಲ್ಲಿದೆ. ಮುಂದಿನ ಫೆಬ್ರುವರಿ 6ಕ್ಕೆ ಮಾರ್ಲಿಯ ಫೋಟೊ ಹಾಕಿ, ಪಕ್ಕದಲ್ಲಿ ಒಂದು ಕಾಲಂ ಜಾಗದಲ್ಲಿ ಈ ಡೆಸ್ಕಿನದೂ ಇರಲಿ. ದೊಡ್ಡ ನಾಬ್ ಕಾಣುವ ಹಾಗೆ ಕತ್ತರಿಸಿದರೆ ಒಳ್ಳೆಯದು.

ಇಂತಿ,
ಧ್ವನಿಮುದ್ರಣದ ಕೆಲಸದಲ್ಲಿರುವ ನಿಮ್ಮ ಓದುಗರು